ಬ್ಯಾಂಟಿಂಗ್ ಕಥೆ: ಶುಗರ್ ಏರಿದಾಗ, ಶುಗರ್ ಇಳಿದಾಗ

ನವೆಂಬರ್ 14 ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮಕ್ಕಳ ದಿನಾಚರಣೆ, ನೆಹರು, ಕೋಟಿನ ಮೇಲಿನ ಗುಲಾಬಿ. ಅದೇ ದಿನ ವಿಶ್ವ ಮಧುಮೇಹ ದಿನ ಕೂಡ. ನೆಹರು ಹುಟ್ಟಿ ಸರಿಯಾಗಿ ಎರಡು ವರ್ಷಕ್ಕೆ, 1891ರ ನವೆಂಬರ್ 14ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಲಿಸ್ಟನ್ ಊರಿನ ಹತ್ತಿರ ಒಂದು ರೈತರ ಮನೆಯಲ್ಲಿ ಫ್ರೆಡ್ರಿಕ್ ಗ್ರಾಂಟ್ ಬ್ಯಾಂಟಿಂಗ್ ಹುಟ್ಟಿದ. ಐದು ಮಕ್ಕಳಲ್ಲಿ ಕೊನೆಯವನು. ಇನ್ಸುಲಿನ್ ಅನ್ನೋ ಔಷಧಿ ಮನುಷ್ಯರ ಕೈಗೆ ಸಿಕ್ಕಿದ್ದು ಅವನಿಂದ ಶುರುವಾದ ಕೆಲಸದಿಂದ. ಅದಕ್ಕೇ ಅವನ ಹುಟ್ಟುಹಬ್ಬವನ್ನು 1991ರಿಂದ ಜಗತ್ತು ಹೀಗೆ ಆಚರಿಸುತ್ತಿದೆ.

ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಇಂಜಿನಿಯರಿಂಗ್ ಓದುವವರು, ಡಾಕ್ಟರ್ ಆಗುವವರು ಯಾರೂ ಇಲ್ಲ. ಆದರೂ ಈ ಸಂಚಿಕೆಗೆ ಬ್ಯಾಂಟಿಂಗ್ ಬಗ್ಗೆಯೇ ಬರೆಯೋಣ ಅಂತ ಕೂತಿದ್ದೇವೆ. ಯಾಕಂದ್ರೆ ನಮ್ಮ ಮನೆಗಳಲ್ಲಿ ತಾತನಿಗೋ ಅಜ್ಜಿಗೋ ಅಪ್ಪನಿಗೋ ಶುಗರ್ ಇದ್ದೇ ಇರುತ್ತೆ. ಇನ್ನು ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ, ಚಿಕ್ಕಂದಿನಿಂದಲೇ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವ ಟೈಪ್ 1 ಗೆಳೆಯರೂ ಇರಬಹುದು. ಅವರಿಗೆ ಏನಾದರೂ ಆದರೆ ಮೊದಲು ಪಕ್ಕದಲ್ಲಿ ಇರೋದು ಡಾಕ್ಟರ್ ಅಲ್ಲ, ನಾವೇ.

ಫೇಲ್ ಆದ ಹುಡುಗ, ಗಾಯಗೊಂಡ ಡಾಕ್ಟರ್

ಬ್ಯಾಂಟಿಂಗ್ ಟಾಪರ್ ಅಲ್ಲ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮೊದಲು ಆರ್ಟ್ಸ್‌ಗೆ ಸೇರಿ, ಮೊದಲ ವರ್ಷವೇ ಫೇಲ್ ಆದ. 1912ರಲ್ಲಿ ಮೆಡಿಕಲ್‌ಗೆ ಬದಲಾಯಿಸಿಕೊಂಡ. ಮೊದಲನೇ ಮಹಾಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರಲು ಹೋದರೆ, ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ಆಮೇಲೆ ಹೇಗೋ ಸೇರಿಸಿಕೊಂಡರು. ಯುದ್ಧಕ್ಕೆ ಡಾಕ್ಟರುಗಳು ಬೇಕಾಗಿದ್ದರಿಂದ ಅವನ ಬ್ಯಾಚಿನ ಕೋರ್ಸನ್ನೇ ಬೇಗ ಮುಗಿಸಿ, 1916ರ ಡಿಸೆಂಬರಿನಲ್ಲಿ ಡಿಗ್ರಿ ಕೊಟ್ಟು ಕಳಿಸಿಬಿಟ್ಟರು.

1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕಾಂಬ್ರೆ ಯುದ್ಧಭೂಮಿಯಲ್ಲಿ ಶೆಲ್ಲಿನ ಚೂರೊಂದು ಅವನ ಬಲಗೈಗೆ ಹೊಕ್ಕಿತು. ಆ ಗಾಯ ಇಟ್ಟುಕೊಂಡೇ ಸುಮಾರು 16 ಗಂಟೆ ಬೇರೆ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟ. ಇದಕ್ಕೆ ಅವನಿಗೆ ಮಿಲಿಟರಿ ಕ್ರಾಸ್ ಪದಕ ಸಿಕ್ಕಿತು. ಆಸ್ಪತ್ರೆ ಸೇರುವ ಮೊದಲಿನ ಆ ಕೆಲವು ಗಂಟೆಗಳಲ್ಲೇ ಎಷ್ಟೋ ಜೀವಗಳ ಲೆಕ್ಕ ತೀರ್ಮಾನವಾಗುತ್ತೆ ಅನ್ನೋದನ್ನು ಅವನು ಪುಸ್ತಕದಿಂದ ಕಲಿತದ್ದಲ್ಲ.

ಯುದ್ಧ ಮುಗಿಸಿ ಬಂದು ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಸರ್ಜರಿ ಕಲಿತ. ಅಲ್ಲಿ ಖಾಯಂ ಕೆಲಸ ಸಿಗಲಿಲ್ಲ. 1920ರ ಜುಲೈನಲ್ಲಿ ಒಂಟಾರಿಯೊದ್ದೇ ಲಂಡನ್ ಎಂಬ ಊರಿನಲ್ಲಿ ಕ್ಲಿನಿಕ್ ತೆರೆದ. ವಾರಗಟ್ಟಲೆ ಯಾರೂ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ 4 ಡಾಲರ್. ಹೊಟ್ಟೆಪಾಡಿಗೆ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾರ್ಟ್ ಟೈಮ್ ಪಾಠ ಹೇಳೋಕೆ ಶುರುಮಾಡಿದ.

ರಾತ್ರಿ ಎರಡು ಗಂಟೆಯ ಐಡಿಯಾ

1920ರ ಅಕ್ಟೋಬರ್ 30ರ ರಾತ್ರಿ. ಮರುದಿನಗಳಲ್ಲಿ ದೇಹ ಸಕ್ಕರೆಯನ್ನು ಹೇಗೆ ಬಳಸುತ್ತೆ ಅನ್ನೋ ಪಾಠ ಮಾಡಬೇಕಿತ್ತು. ಆ ವಿಷಯ ಅವನಿಗೂ ಅಷ್ಟು ಗೊತ್ತಿರಲಿಲ್ಲ. ಓದ್ತಾ ಓದ್ತಾ ಮೋಸೆಸ್ ಬ್ಯಾರನ್ ಎಂಬ ಡಾಕ್ಟರ್ ಬರೆದ ಒಂದು ಲೇಖನ ಕಣ್ಣಿಗೆ ಬಿತ್ತು. ಮೇದೋಜೀರಕ ಗ್ರಂಥಿಯ ನಾಳ ಕಟ್ಟಿಕೊಂಡರೆ, ಜೀರ್ಣರಸ ಮಾಡುವ ಭಾಗ ಸತ್ತುಹೋಗುತ್ತೆ, ಆದರೆ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳು ಅನ್ನೋ ಚಿಕ್ಕ ಚಿಕ್ಕ ಕೋಶಗುಂಪುಗಳು ಉಳಿಯುತ್ತವೆ ಅಂತ ಅದರಲ್ಲಿತ್ತು.

ಮೇದೋಜೀರಕ ಗ್ರಂಥಿ ತೆಗೆದರೆ ನಾಯಿಗೆ ಸಕ್ಕರೆ ಕಾಯಿಲೆ ಬರುತ್ತೆ ಅನ್ನೋದು 1889ರಿಂದಲೇ ಗೊತ್ತಿತ್ತು. ಆ ದ್ವೀಪಗಳಲ್ಲಿ ಏನೋ ಒಂದು ರಸ ಇದೆ ಅಂತ ಬಹಳ ಜನ ಊಹಿಸಿದ್ದರು. ತೆಗೆಯಲು ಹೋದವರಿಗೆಲ್ಲ ಸಂಪೂರ್ಣ ಯಶಸ್ಸು ಸಿಕ್ಕಿರಲಿಲ್ಲ. ಗ್ರಂಥಿಯ ಜೀರ್ಣರಸವೇ ಆ ರಸವನ್ನು ತಿಂದುಹಾಕುತ್ತಿರಬಹುದು, ಹಾಗಾಗಿ ಮೊದಲು ನಾಳ ಕಟ್ಟಿ, ಜೀರ್ಣರಸದ ಭಾಗ ಸತ್ತ ಮೇಲೆ ಉಳಿದದ್ದರಿಂದ ರಸ ತೆಗೆದರೆ ಹೇಗೆ? ನಿದ್ದೆ ಬಾರದೆ ಎದ್ದು, ರಾತ್ರಿ ಎರಡರ ಹೊತ್ತಿಗೆ ಇದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಚಿಕೊಂಡ. ಡಯಾಬಿಟಿಸ್ ಅನ್ನೋ ಪದದ ಸ್ಪೆಲ್ಲಿಂಗೇ ತಪ್ಪಾಗಿತ್ತು.

ಈ ಐಡಿಯಾ ಹಿಡಿದು ಟೊರಾಂಟೊದ ಪ್ರೊಫೆಸರ್ ಜೆ.ಜೆ.ಆರ್. ಮ್ಯಾಕ್ಲಿಯಾಡ್ ಹತ್ತಿರ ಹೋದ. ಮ್ಯಾಕ್ಲಿಯಾಡ್ ಈ ವಿಷಯದಲ್ಲಿ ದೊಡ್ಡ ಹೆಸರು. ಅವರಿಗೆ ಮೊದಲು ಅಷ್ಟೇನೂ ನಂಬಿಕೆ ಬರಲಿಲ್ಲ. ಆದರೂ ಒಂದು ಲ್ಯಾಬ್, ಕೆಲವು ನಾಯಿಗಳು, ಒಬ್ಬ ಸಹಾಯಕನನ್ನು ಕೊಟ್ಟರು. ಆ ಸಹಾಯಕ ಚಾರ್ಲ್ಸ್ ಬೆಸ್ಟ್, ಆಗ 22 ವರ್ಷ. ನಮ್ಮ ಸೀನಿಯರ್‌ಗಳ ವಯಸ್ಸು. ಅವನೂ ಕ್ಲಾರ್ಕ್ ನೋಬಲ್ ಎಂಬ ಇನ್ನೊಬ್ಬ ವಿದ್ಯಾರ್ಥಿಯೂ ಯಾರು ಮೊದಲು ಹೋಗಬೇಕು ಅಂತ ನಾಣ್ಯ ಚಿಮ್ಮಿದರು, ಬೆಸ್ಟ್‌ಗೆ ಬಿತ್ತು ಅಂತ ಕಥೆ.

1921ರ ಮೇ 17ಕ್ಕೆ ಕೆಲಸ ಶುರು. ಸೆಖೆ, ದುಡ್ಡಿಲ್ಲ, ನಾಯಿಗಳು ಒಂದಾದ ಮೇಲೊಂದು ಸಾಯುತ್ತಿದ್ದವು. ಜುಲೈ 30ರಂದು ಮೊದಲ ಸಲ ಒಂದು ನಾಯಿಗೆ ರಸ ಚುಚ್ಚಿದಾಗ ರಕ್ತದ ಸಕ್ಕರೆ ಒಂದು ಗಂಟೆಯಲ್ಲಿ 200ರಿಂದ 120ಕ್ಕೆ ಇಳಿಯಿತು. ಆ ಚಳಿಗಾಲದಲ್ಲಿ ಮಾರ್ಜರಿ ಎಂಬ ನಾಯಿ ಮೇದೋಜೀರಕ ಗ್ರಂಥಿಯೇ ಇಲ್ಲದೆ, ಈ ರಸದ ಮೇಲೆ ಸುಮಾರು 70 ದಿನ ಬದುಕಿತು. ತಮಾಷೆ ಏನಂದ್ರೆ, ನಾಳ ಕಟ್ಟುವ ಅಗತ್ಯವೇ ಇರಲಿಲ್ಲ. ಕಸಾಯಿಖಾನೆಯಿಂದ ತಂದ ದನದ ಮೇದೋಜೀರಕ ಗ್ರಂಥಿಯಿಂದ ಆಲ್ಕೋಹಾಲ್ ಬಳಸಿ ನೇರವಾಗಿಯೇ ತೆಗೆಯಬಹುದು ಅಂತ ಆಮೇಲೆ ಗೊತ್ತಾಯ್ತು. ಐಡಿಯಾ ಅರ್ಧ ತಪ್ಪಾಗಿದ್ದರೂ ಅದೇ ಕೆಲಸ ಶುರುಮಾಡಿಸಿತು.

ಶುಗರ್ ಏರಿದಾಗ: ಲಿಯೊನಾರ್ಡ್

ಇನ್ಸುಲಿನ್ ಇಲ್ಲದ ಕಾಲದಲ್ಲಿ ಟೈಪ್ 1 ಬಂದ ಮಗು ಹೆಚ್ಚೆಂದರೆ ಒಂದೆರಡು ವರ್ಷ ಬದುಕುತ್ತಿತ್ತು. ಇದ್ದ ಒಂದೇ ಚಿಕಿತ್ಸೆ ಉಪವಾಸ. ಅಮೆರಿಕದ ಡಾಕ್ಟರ್ ಫ್ರೆಡ್ರಿಕ್ ಆಲನ್ ರೂಪಿಸಿದ ಪಥ್ಯದಲ್ಲಿ ಮಕ್ಕಳಿಗೆ ಜೀವ ಹಿಡಿದುಕೊಳ್ಳುವಷ್ಟು ಮಾತ್ರ ಊಟ. ಕಾಯಿಲೆಯಿಂದ ಸಾಯುವುದನ್ನು ಮುಂದೂಡಲು ಹಸಿವಿನಿಂದ ಸಾಯುವ ಹತ್ತಿರಕ್ಕೆ ಹೋಗಬೇಕಿತ್ತು.

14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಹಾಗೇ ಟೊರಾಂಟೊ ಜನರಲ್ ಆಸ್ಪತ್ರೆಗೆ ಬಂದ. ತೂಕ 29 ಕೆಜಿ. 1922ರ ಜನವರಿ 11ರಂದು ಅವನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಸಕ್ಕರೆ ಸ್ವಲ್ಪ ಇಳಿಯಿತು ಅಷ್ಟೇ. ಚುಚ್ಚಿದ ಜಾಗ ಕೀವು ತುಂಬಿ ಊದಿಕೊಂಡಿತು. ರಸ ಶುದ್ಧವಾಗಿರಲಿಲ್ಲ. ನಿಲ್ಲಿಸಿಬಿಟ್ಟರು.

ಡಿಸೆಂಬರಿನಲ್ಲಿ ತಂಡಕ್ಕೆ ಸೇರಿದ್ದ ಜೇಮ್ಸ್ ಕಾಲಿಪ್ ಎಂಬ ಬಯೋಕೆಮಿಸ್ಟ್ ಹಗಲು ರಾತ್ರಿ ಕೂತು ಶುದ್ಧೀಕರಿಸುವ ದಾರಿ ಕಂಡುಹಿಡಿದ. ಜನವರಿ 23ರಂದು ಮತ್ತೆ ಶುರು. ಈ ಸಲ ಲಿಯೊನಾರ್ಡ್‌ನ ಸಕ್ಕರೆ 520ರಿಂದ 120ಕ್ಕೆ ಬಂತು, ಅದೂ ಒಂದೇ ದಿನದಲ್ಲಿ. ಮೂತ್ರದಲ್ಲಿದ್ದ ಕೀಟೋನ್‌ಗಳು ಮಾಯವಾದವು. ಅವನು ಇನ್ನೂ 13 ವರ್ಷ ಬದುಕಿದ.

ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡುತ್ತೆ. ವಾರ್ಡಿನ ತುಂಬ ಪ್ರಜ್ಞೆ ತಪ್ಪಿದ ಮಕ್ಕಳು, ವಿಜ್ಞಾನಿಗಳು ಒಂದೊಂದೇ ಹಾಸಿಗೆಗೆ ಹೋಗಿ ಇಂಜೆಕ್ಷನ್ ಕೊಟ್ಟು ಕೊನೆಯ ಮಗುವಿಗೆ ಬರುವಷ್ಟರಲ್ಲಿ ಮೊದಲ ಮಗು ಎದ್ದು ಕೂತಿತು ಅಂತ. ಓದಲು ಚೆನ್ನಾಗಿದೆ, ಆದರೆ ದಾಖಲೆಗಳು ಹೇಳುವ ಕಥೆ ಬೇರೆ. ಒಬ್ಬ ಹುಡುಗ, ಒಂದು ಸೋಲು, ಹನ್ನೆರಡು ದಿನದ ನಂತರ ಗೆಲುವು. ನಮಗೆ ಇದೇ ಹೆಚ್ಚು ಇಷ್ಟವಾಯ್ತು.

ಲಿಯೊನಾರ್ಡ್‌ಗೆ ಆಗುತ್ತಿದ್ದದ್ದನ್ನು ಇವತ್ತು ಡಯಾಬಿಟಿಕ್ ಕೀಟೋಅಸಿಡೋಸಿಸ್, ಚಿಕ್ಕದಾಗಿ ಡಿಕೆಎ ಅಂತಾರೆ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ಜೀವಕೋಶಗಳಿಗೆ ಸರಿಯಾಗಿ ಸಿಗೋದಿಲ್ಲ. ದೇಹ ಕೊಬ್ಬನ್ನು ಉರಿಸೋಕೆ ಶುರುಮಾಡುತ್ತೆ. ಆ ಬೂದಿಯೇ ಕೀಟೋನ್ ಅಂದುಕೊಳ್ಳಿ. ಅದರಿಂದ ರಕ್ತ ಆಮ್ಲವಾಗುತ್ತೆ. ಇದು ಗಂಟೆಗಳಿಂದ ದಿನಗಳವರೆಗೆ ನಿಧಾನಕ್ಕೆ ಏರುತ್ತೆ. ಗುರುತು ಹಿಡಿಯೋದು ಹೀಗೆ: ತಡೆಯಲಾಗದ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಹೊಟ್ಟೆನೋವು, ಸುಸ್ತು, ಓಡಿ ಬಂದವರ ಹಾಗೆ ಆಳವಾದ ವೇಗದ ಉಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ಥರ ವಾಸನೆ.

ಹಾಸ್ಟೆಲಿನಲ್ಲಿ ಇದನ್ನು ಮೆಸ್ ಊಟದ ಫುಡ್ ಪಾಯ್ಸನಿಂಗ್ ಅಂತ ತಿಳಿದು ಮಲಗಿಸಿಬಿಡುವ ಸಾಧ್ಯತೆ ಬಹಳ. ಶುಗರ್ ಇರುವವರಿಗೆ ವಾಂತಿ ಶುರುವಾದರೆ ಗ್ಲುಕೋಮೀಟರ್‌ನಲ್ಲಿ ನೋಡಲೇಬೇಕು. 250 ದಾಟಿ, ಮೇಲಿನ ಲಕ್ಷಣಗಳೂ ಇದ್ದರೆ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಡ್ರಿಪ್ಪಿನಲ್ಲಿ ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ ಎಲ್ಲ ಲೆಕ್ಕ ಹಾಕಿ ಕೊಡ್ತಾರೆ. ರೂಮಿನಲ್ಲಿ ಅಂದಾಜಿನ ಮೇಲೆ ಮಾಡುವ ಕೆಲಸ ಅಲ್ಲ. ಇನ್ನೊಂದು ವಿಷಯ, ಜ್ವರ ಬಂದಿದೆ, ಊಟ ಮಾಡಿಲ್ಲ ಅಂತ ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಎಷ್ಟು ತಗೋಬೇಕು ಅಂತ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು.

ಶುಗರ್ ಇಳಿದಾಗ: ಮೊಲಗಳು ಕಲಿಸಿದ ಪಾಠ

ಕಾಲಿಪ್ ತನ್ನ ರಸವನ್ನು ಆರೋಗ್ಯವಾಗಿದ್ದ ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದ. ರಸ ಜಾಸ್ತಿಯಾದರೆ ಮೊಲಗಳು ನಡುಗಿ, ಫಿಟ್ಸ್ ಬಂದು ಬೀಳುತ್ತಿದ್ದವು. ಗ್ಲುಕೋಸ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡುತ್ತಿದ್ದವು. ಬದುಕಿಸುವ ಔಷಧಿ ಹೆಚ್ಚಾದರೆ ಕೊಲ್ಲುತ್ತೆ, ಅದಕ್ಕೆ ಪರಿಹಾರ ಅಡುಗೆಮನೆಯ ಸಕ್ಕರೆ! ಇನ್ಸುಲಿನ್ ಹುಟ್ಟಿದಾಗಲೇ ಅದರ ಅಪಾಯವೂ, ಆ ಅಪಾಯದ ಪ್ರಥಮ ಚಿಕಿತ್ಸೆಯೂ ಒಟ್ಟಿಗೇ ಗೊತ್ತಾದವು.

ಇನ್ಸುಲಿನ್ ಅಳತೆಯ ಯೂನಿಟ್ ಹುಟ್ಟಿದ್ದೂ ಇಲ್ಲಿಂದಲೇ. ಉಪವಾಸ ಇಟ್ಟ ಮೊಲದ ಸಕ್ಕರೆಯನ್ನು ಫಿಟ್ಸ್ ಬರುವ ಮಟ್ಟಕ್ಕೆ, ಅಂದ್ರೆ 45ರ ಆಸುಪಾಸಿಗೆ ಇಳಿಸಲು ಬೇಕಾದ ರಸದ ಪ್ರಮಾಣವೇ ಮೊದಲ ಯೂನಿಟ್. ಆಮೇಲೆ ಈ ವ್ಯಾಖ್ಯಾನ ಬದಲಾಯಿತು, ಯೂನಿಟ್ ಅನ್ನೋ ಹೆಸರು ಉಳಿಯಿತು. ಇಂಜಿನಿಯರ್‌ಗಳಾದ ನಾವು ಯೂನಿಟ್ ತಪ್ಪಿದರೆ ಒಂದು ಮಾರ್ಕ್ಸ್ ಕಳ್ಕೋತೀವಿ. ಇಲ್ಲಿ ಜೀವ. ನಮ್ಮ ದೇಶದಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತೆ, 100 ಯೂನಿಟ್ ಇರುವುದೂ ಸಿಗುತ್ತೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಅಷ್ಟೇ ಗೆರೆಗೆ ಎಳೆದರೆ ದೇಹಕ್ಕೆ ಹೋಗೋದು ಎರಡೂವರೆ ಪಟ್ಟು. ಮನೆಯಲ್ಲಿ ಅಜ್ಜಿಗೆ ಇಂಜೆಕ್ಷನ್ ಕೊಡುವವರು ಇದ್ದರೆ ಇವತ್ತೇ ಬಾಟಲಿಯನ್ನೂ ಸಿರಿಂಜನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದರೆ, ಆರೋಗ್ಯವಂತರ ಮೇದೋಜೀರಕ ಗ್ರಂಥಿ ಕ್ಲೋಸ್ಡ್ ಲೂಪ್. ಸಕ್ಕರೆ ಇಳಿದರೆ ಇನ್ಸುಲಿನ್ ತಾನಾಗೇ ಕಡಿಮೆಯಾಗುತ್ತೆ. ಇಂಜೆಕ್ಷನ್ ಓಪನ್ ಲೂಪ್. ಚುಚ್ಚಿಕೊಂಡ ಮೇಲೆ ಕ್ಲಾಸ್ ತಡವಾಗಿ ಊಟ ತಪ್ಪಿದರೂ, ಗ್ರೌಂಡಿನಲ್ಲಿ ಎರಡು ಗಂಟೆ ಫುಟ್‌ಬಾಲ್ ಆಡಿದರೂ ಅದು ತನ್ನ ಕೆಲಸ ಮಾಡ್ತಾನೇ ಇರುತ್ತೆ. ಫೀಡ್‌ಬ್ಯಾಕ್ ಕೊಡಬೇಕಾದವರು ಮನುಷ್ಯರೇ.

ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಅದು ಲೋ ಶುಗರ್. ಇದು ಡಿಕೆಎ ಥರ ನಿಧಾನಕ್ಕೆ ಬರಲ್ಲ, ನಿಮಿಷಗಳಲ್ಲಿ ಬರುತ್ತೆ. ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ವಿಪರೀತ ಹಸಿವು. ಇನ್ನೂ ಇಳಿದರೆ ಮಾತು ತೊದಲುತ್ತೆ, ನಡಿಗೆ ತಪ್ಪುತ್ತೆ, ಸುಮ್ಮಸುಮ್ಮನೆ ಸಿಟ್ಟು ಮಾಡ್ತಾರೆ, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ. ಮೆದುಳಿಗೆ ಸಕ್ಕರೆ ಸಿಗದಿದ್ದರೆ ಹೀಗಾಗುತ್ತೆ. ನೋಡುವವರಿಗೆ ಕುಡಿದ ಹಾಗೆ ಕಾಣುತ್ತೆ. ಅಪಾಯ ಇರೋದು ಇಲ್ಲೇ. ಫೆಸ್ಟ್ ರಾತ್ರಿ ಒಬ್ಬ ಹುಡುಗ ಹೀಗೆ ಗೋಡೆಗೆ ಒರಗಿ ಕೂತಿದ್ದರೆ ಎಷ್ಟು ಜನ ವಿಡಿಯೊ ಮಾಡ್ತಾರೆ, ಎಷ್ಟು ಜನ ಸಕ್ಕರೆ ತರೋಕೆ ಓಡ್ತಾರೆ?

ಎಚ್ಚರ ಇದ್ದು ನುಂಗಲು ಆಗುತ್ತೆ ಅಂದರೆ ಕೂಡಲೇ 15 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗಬೇಕು. ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕೊಡಿ. ಅರ್ಧ ಲೋಟ ಸಿಹಿ ಜ್ಯೂಸ್ ಅಥವಾ ಮಾಮೂಲಿ ಕೂಲ್‌ಡ್ರಿಂಕ್ ಆದರೂ ಆಗುತ್ತೆ. ಡಯಟ್, ಜೀರೊ ಅಂತ ಬರೆದಿರುವುದು ಬೇಡ, ಅದರಲ್ಲಿ ಸಕ್ಕರೆಯೇ ಇಲ್ಲ. ಚಾಕೊಲೇಟ್ ಕೊನೆಯ ಆಯ್ಕೆ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ. 15 ನಿಮಿಷ ಬಿಟ್ಟು ಮತ್ತೆ ನೋಡಿ. 70 ದಾಟದಿದ್ದರೆ ಇನ್ನೊಂದು ಸಲ ಅಷ್ಟೇ ಕೊಡಿ. ಸರಿಹೋದ ಮೇಲೆ ಬಿಸ್ಕೆಟ್ಟೋ ಚಪಾತಿಯೋ ಏನಾದರೂ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯಬಹುದು. ಅವತ್ತು ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಗ್ಲುಕೋಮೀಟರ್ ಇಲ್ಲ, ಏರಿದೆಯೋ ಇಳಿದಿದೆಯೋ ಗೊತ್ತಾಗ್ತಿಲ್ಲ ಅಂದರೆ? ಎಚ್ಚರ ಇರುವವರಿಗೆ ಸಕ್ಕರೆ ಕೊಡಿ. ಏರಿದ್ದವರಿಗೆ ಇನ್ನು ನಾಲ್ಕು ಚಮಚದಿಂದ ದೊಡ್ಡ ಹಾನಿ ಆಗಲ್ಲ. ಇಳಿದವರಿಗೆ ಕೊಡದಿದ್ದರೆ ಆಗುತ್ತೆ. ಆದರೆ ಗೊತ್ತಿಲ್ಲದೆ ಇನ್ಸುಲಿನ್ ಮಾತ್ರ ಚುಚ್ಚಲೇಬೇಡಿ.

ಪ್ರಜ್ಞೆ ಇಲ್ಲ ಅಥವಾ ಫಿಟ್ಸ್ ಬರ್ತಿದೆ ಅಂದರೆ ಬಾಯಿಗೆ ಏನೂ ಹಾಕಬಾರದು, ನೀರನ್ನೂ ಕೂಡ. ಶ್ವಾಸನಾಳಕ್ಕೆ ಹೋದರೆ ಉಸಿರು ಕಟ್ಟುತ್ತೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಶುಗರ್ ಪೇಶೆಂಟ್ ಅನ್ನೋದನ್ನು ಮೊದಲ ವಾಕ್ಯದಲ್ಲೇ ಹೇಳಿ. ಉಸಿರಾಟ ಗಮನಿಸ್ತಾ ಇರಿ. ಅವರ ಬ್ಯಾಗಿನಲ್ಲಿ ಗ್ಲುಕಗಾನ್ ಇಂಜೆಕ್ಷನ್ ಇದ್ದು, ಕೊಡೋದು ಕಲಿತವರು ಇದ್ದರೆ ಕೊಡಬಹುದು. ಆಂಬುಲೆನ್ಸಿನವರು ನರಕ್ಕೆ ಗ್ಲುಕೋಸ್ ಕೊಡ್ತಾರೆ. ಆ ಮೊಲಗಳ ಹಾಗೆಯೇ ಎಷ್ಟೋ ಜನ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಡ್ತಾರೆ.

ಜಗಳ, ಒಂದು ಡಾಲರ್, ನೊಬೆಲ್

ಪ್ರಾಜೆಕ್ಟ್ ಗ್ರೂಪಿನಲ್ಲಿ ಜಗಳ ಆಗೋದು ನಮ್ಮಲ್ಲಿ ಮಾತ್ರ ಅಲ್ಲ. ಶುದ್ಧೀಕರಿಸುವ ವಿಧಾನ ಹೇಳಲ್ಲ ಅಂತ ಕಾಲಿಪ್ ಅಂದಾಗ ಬ್ಯಾಂಟಿಂಗ್ ಅವನ ಮೇಲೆ ಕೈ ಮಾಡುವ ಹಂತಕ್ಕೆ ಹೋಗಿದ್ದ. ಕೊನೆಗೆ 1922ರ ಜನವರಿ 25ರಂದು ಎಲ್ಲರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಆ ವಸಂತಕಾಲದಲ್ಲಿ ಇನ್ನೊಂದು ಕಂಟಕ. ದೊಡ್ಡ ಪ್ರಮಾಣದಲ್ಲಿ ಮಾಡಲು ಹೋಗಿ, ಇನ್ಸುಲಿನ್ ಬರೋದೇ ನಿಂತುಹೋಯ್ತು. ಲ್ಯಾಬಿನಲ್ಲಿ ಆದದ್ದು ಪಾತ್ರೆ ದೊಡ್ಡದಾದಾಗ ಆಗಲ್ಲ ಅನ್ನೋದು ಕೆಮಿಕಲ್ ಬ್ರಾಂಚಿನವರಿಗೆ ಹೊಸದಲ್ಲ. ಕೆಲವು ವಾರ ಕಷ್ಟಪಟ್ಟು ಸರಿಮಾಡಿದರು. ಅಮೆರಿಕದ ಎಲಿ ಲಿಲಿ ಕಂಪನಿ ಕೈಜೋಡಿಸಿದ ಮೇಲೆ ಉತ್ಪಾದನೆ ಬೆಳೆಯಿತು.

ಆ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು ಎಲಿಜಬೆತ್ ಹ್ಯೂಸ್ ಬ್ಯಾಂಟಿಂಗ್ ಹತ್ತಿರ ಬಂದಳು. ಹದಿನೈದು ತುಂಬಲು ಬಂದಿದ್ದ ಹುಡುಗಿ, ತೂಕ ಬರೀ 20 ಕೆಜಿ. ಆಲನ್ ಪಥ್ಯದಲ್ಲಿ ಮೂರು ವರ್ಷ ದೂಡಿದ್ದಳು. ಇನ್ಸುಲಿನ್ ತಗೊಂಡು ಓದಿದಳು, ಮದುವೆಯಾದಳು, ಮಕ್ಕಳಾದವು, 1981ರವರೆಗೆ ಬದುಕಿದಳು.

ಪೇಟೆಂಟಿನಿಂದ ಅವರು ಕೋಟ್ಯಧಿಪತಿಗಳಾಗಬಹುದಿತ್ತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ 1 ಡಾಲರಿಗೆ ಅದನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್‌ಗೆ ನೊಬೆಲ್ ಬಂತು. ಬೆಸ್ಟ್ ಹೆಸರು ಇಲ್ಲದ್ದಕ್ಕೆ ಬ್ಯಾಂಟಿಂಗ್ ಕೆಂಡಾಮಂಡಲವಾಗಿ, ತನ್ನ ಪಾಲಿನ ಅರ್ಧ ಹಣ ಅವನಿಗೆ ಕೊಟ್ಟ. ಮ್ಯಾಕ್ಲಿಯಾಡ್ ತಮ್ಮದರಲ್ಲಿ ಅರ್ಧ ಕಾಲಿಪ್‌ಗೆ ಕೊಟ್ಟರು. ವೈದ್ಯಕೀಯದ ನೊಬೆಲ್ ಪಡೆದವರಲ್ಲಿ ಇವತ್ತಿಗೂ ಬ್ಯಾಂಟಿಂಗ್‌ನೇ ಅತಿ ಕಿರಿಯ.

ಕೊನೆಯ ಹಾರಾಟ

ಆಮೇಲೆ ಅವನು ಚಿತ್ರ ಬರೆಯೋಕೆ ಶುರುಮಾಡಿದ. ಎ.ವೈ. ಜ್ಯಾಕ್ಸನ್ ಎಂಬ ಪ್ರಸಿದ್ಧ ಚಿತ್ರಕಾರನ ಜೊತೆ 1927ರಲ್ಲಿ ಆರ್ಕ್‌ಟಿಕ್‌ವರೆಗೂ ಹೋಗಿಬಂದ. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನ ಚಾಲಕರ ಆರೋಗ್ಯದ ಸಂಶೋಧನೆಗೆ ಇಳಿದಿದ್ದ. ವೇಗವಾಗಿ ತಿರುಗುವಾಗ ಪೈಲಟ್‌ಗಳ ಮೆದುಳಿನಿಂದ ರಕ್ತ ಇಳಿದು ಪ್ರಜ್ಞೆ ತಪ್ಪುತ್ತಿತ್ತು. ಅದನ್ನು ತಡೆಯಲು ವಿಲ್ಬರ್ ಫ್ರಾಂಕ್ಸ್ ನೀರು ತುಂಬಿದ ಸೂಟ್ ಮಾಡುವಾಗ ಬೆಂಬಲಕ್ಕೆ ನಿಂತವರಲ್ಲಿ ಬ್ಯಾಂಟಿಂಗ್ ಕೂಡ ಒಬ್ಬ.

1941ರ ಫೆಬ್ರವರಿ 20ರಂದು ಇಂಗ್ಲೆಂಡಿಗೆ ಹೊರಟ ಹಡ್ಸನ್ ವಿಮಾನದಲ್ಲಿ ಅವನಿದ್ದ. ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್‌ನಿಂದ ಏರಿದ ಸ್ವಲ್ಪ ಹೊತ್ತಿಗೆ ಇಂಜಿನ್ ಕೆಟ್ಟು, ಮಸ್‌ಗ್ರೇವ್ ಹಾರ್ಬರ್ ಹತ್ತಿರದ ಹಿಮದ ಕಾಡಿನಲ್ಲಿ ಬಿತ್ತು. ಇಬ್ಬರು ಅಲ್ಲೇ ತೀರಿಕೊಂಡರು. ಪೈಲಟ್ ಜೋಸೆಫ್ ಮ್ಯಾಕಿ ಬದುಕಿದ. ಬ್ಯಾಂಟಿಂಗ್‌ಗೆ ಜೋರಾದ ಪೆಟ್ಟು ಬಿದ್ದಿತ್ತು, ಆದರೆ ಕೂಡಲೇ ಸಾಯಲಿಲ್ಲ. ಮ್ಯಾಕಿ ಸಹಾಯ ಹುಡುಕಿಕೊಂಡು ಹಿಮದಲ್ಲಿ ನಡೆದ. ಯಾರೂ ಸಿಗದೆ ವಾಪಸ್ ಬರುವಷ್ಟರಲ್ಲಿ ಬ್ಯಾಂಟಿಂಗ್ ಪ್ರಾಣ ಹೋಗಿತ್ತು. 49 ವರ್ಷ. ಯುದ್ಧಭೂಮಿಯಲ್ಲಿ ಬಿದ್ದವರ ಪಕ್ಕದಲ್ಲಿ 16 ಗಂಟೆ ನಿಂತವನಿಗೆ, ತಾನು ಬಿದ್ದಾಗ ಹತ್ತಿರ ಒಬ್ಬ ಡಾಕ್ಟರೂ ಇರಲಿಲ್ಲ.

ನಾವಿರೋದು ಹಿಮದ ಕಾಡಿನಲ್ಲಲ್ಲ. 108 ಇದೆ, ಹಾಸ್ಟೆಲ್ ಗೇಟಿನಲ್ಲಿ ಸೆಕ್ಯೂರಿಟಿ ಅಣ್ಣ ಇದ್ದಾರೆ, ಮೆಸ್ಸಿನಲ್ಲಿ ಸಕ್ಕರೆ ಡಬ್ಬ ಇದೆ. ನಮ್ಮ ಕ್ಲಬ್ಬಿನಿಂದ ಒಂದೇ ಕೋರಿಕೆ. ಇನ್ಸುಲಿನ್ ತಗೊಳ್ಳುವ ಗೆಳೆಯರು ನಾಚಿಕೆ ಬಿಟ್ಟು ರೂಮ್‌ಮೇಟ್‌ಗೆ ವಿಷಯ ಹೇಳಿಡಿ, ಜೇಬಿನಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣ ಇಟ್ಟುಕೊಳ್ಳಿ. ರೂಮ್‌ಮೇಟ್‌ಗಳು ಗ್ಲುಕೋಮೀಟರ್ ಬಳಸೋದನ್ನು ಒಂದು ಸಲ ಕಲಿತುಬಿಡಿ. ಐದು ನಿಮಿಷದ ಕೆಲಸ. ಮುಂದಿನ ನವೆಂಬರ್ 14ರ ತನಕ ಕಾಯಬೇಕಾಗಿಲ್ಲ.